ಎತ್ತರಿಸಿದ ಪಿಕಪ್ ವಾಹನಗಳಿಗೆ ದೊಡ್ಡ ಟೈರುಗಳ ಆಯ್ಕೆ: ಕಾನೂನು ಮತ್ತು ಸುರಕ್ಷತೆಯ ದೃಷ್ಟಿಯಿಂದ ಒಂದು ವಿಶ್ಲೇಷಣೆ

ರಾಜ್ಯದ ಮಲೆನಾಡು ಹಾಗೂ ಕೊಡಗಿನ ಭಾಗಗಳಲ್ಲಿ ಕಳೆದ ಕೆಲವು ವರ್ಷಗಳಿಂದ ನಾಲ್ಕು ಚಕ್ರಗಳಿಗೂ ಚಾಲನಾ ಶಕ್ತಿಯುಳ್ಳ ಪಿಕಪ್ ವಾಹನಗಳ ಬಳಕೆ ಕಂಡುಬರುತ್ತಿದೆ. ಕಾಫಿ, ಏಲಕ್ಕಿ ಹಾಗೂ ಅಡಿಕೆ ತೋಟಗಳ ಮಾಲೀಕರು, ಗುತ್ತಿಗೆದಾರರು ಮತ್ತು ಪ್ರವಾಸಾಸಕ್ತರು ಇಂತಹ ವಾಹನಗಳನ್ನು ಖರೀದಿಸಿದ ಬಳಿಕ ಅವುಗಳ ದೇಹವನ್ನು ಒಂದೂವರೆ ಅಥವಾ ಎರಡು ಅಂಗುಲದಷ್ಟು ಎತ್ತರಿಸಿ, ಮೂಲ ಅಳತೆಗಿಂತ ದೊಡ್ಡದಾದ ಟೈರುಗಳನ್ನು ಅಳವಡಿಸುವ ಪರಿಪಾಠವೂ ಇದರೊಂದಿಗೆ ಬೆಳೆದಿದೆ. ಮಳೆಗಾಲದ ಕೆಸರಿನಲ್ಲಿ ವಾಹನ ಸಿಲುಕಬಾರದೆಂಬುದು ಇದರ ಹಿಂದಿರುವ ಸಹಜ ಉದ್ದೇಶ. ಆದರೆ ಟೈರಿನ ಅಳತೆ ಬದಲಾದಾಗ ವಾಹನದ ವೇಗಮಾಪಕ, ಬ್ರೇಕು, ಸ್ಥಿರತೆ, ಭಾರ ಹೊರುವ ಸಾಮರ್ಥ್ಯ ಹಾಗೂ ಕಾನೂನಿನ ಸ್ಥಾನಮಾನ, ಇವೆಲ್ಲವೂ ಒಟ್ಟಿಗೆ ಬದಲಾಗುತ್ತವೆ. ಈ ವಿಷಯವಾಗಿ ವಾಹನ ಮಾಲೀಕರು ಅರಿತಿರಬೇಕಾದ ಅಂಶಗಳನ್ನು ಇಲ್ಲಿ ವಿಶ್ಲೇಷಿಸಲಾಗಿದೆ.

ಹಿನ್ನೆಲೆ

ಭಾರತದಲ್ಲಿ ಪಿಕಪ್ ವಾಹನವೆಂದರೆ ಬಹುಕಾಲದವರೆಗೆ ಸರಕು ಸಾಗಣೆಯ ವಾಹನವೆಂದೇ ಭಾವಿಸಲಾಗಿತ್ತು. ಟಾಟಾ ಕ್ಸೆನಾನ್ ಮತ್ತು ಮಹೀಂದ್ರ ಸ್ಕಾರ್ಪಿಯೋ ಗೆಟವೇ ವಾಹನಗಳು ಸ್ವಂತ ಬಳಕೆಯ ಪಿಕಪ್ ಎಂಬ ಕಲ್ಪನೆಯನ್ನು ಪರಿಚಯಿಸಿದವು. 2016ರಲ್ಲಿ ಇಸುಜು ಸಂಸ್ಥೆಯು ಡಿ-ಮ್ಯಾಕ್ಸ್ ವಿ-ಕ್ರಾಸ್ ವಾಹನವನ್ನು ಮಾರುಕಟ್ಟೆಗೆ ತಂದಿತು. ಆಂಧ್ರಪ್ರದೇಶದ ಶ್ರೀ ಸಿಟಿಯಲ್ಲಿ ಆ ಸಂಸ್ಥೆಯ ಕಾರ್ಖಾನೆ ಅದೇ ವರ್ಷ ಕಾರ್ಯಾರಂಭ ಮಾಡಿತು. 2022ರಲ್ಲಿ ಟೊಯೋಟಾ ಹೈಲಕ್ಸ್ ವಾಹನವು ಭಾರತದ ಮಾರುಕಟ್ಟೆಯನ್ನು ಪ್ರವೇಶಿಸಿತು. ಬೆಂಗಳೂರಿಗೆ ಸಮೀಪದ ಬಿಡದಿಯ ಕಾರ್ಖಾನೆಯಲ್ಲಿ ಅದನ್ನು ತಯಾರಿಸಲಾಗುತ್ತಿರುವುದರಿಂದ ಈ ವರ್ಗದ ವಾಹನಕ್ಕೂ ಕರ್ನಾಟಕಕ್ಕೂ ನೇರ ಸಂಬಂಧವಿದೆ.

ಈ ವಾಹನಗಳ ರಚನೆಯಲ್ಲಿ ಒಂದು ಸಾಮ್ಯವಿದೆ. ಏಣಿಯಾಕಾರದ ಚಾಸಿಸ್ ಮೇಲೆ ದೇಹವನ್ನು ಕೂರಿಸಲಾಗಿರುತ್ತದೆ. ಮುಂದಿನ ಚಕ್ರಗಳಿಗೆ ಪ್ರತ್ಯೇಕ ಸಸ್ಪೆನ್ಷನ್ ಇರುತ್ತದೆ. ಹಿಂದೆ ಕಮಾನು ಪಟ್ಟಿಗಳ ಮೇಲೆ ಒಂದೇ ತುಂಡಿನ ಗಟ್ಟಿ ಆಕ್ಸೆಲ್ ಇರುತ್ತದೆ. ಮುಂಭಾಗದಲ್ಲಿ ಸ್ಪ್ರಿಂಗ್ ಬದಲಾಯಿಸಿ ಅಥವಾ ಸ್ಪೇಸರ್ ಇಟ್ಟು, ಹಿಂಭಾಗದಲ್ಲಿ ಕಮಾನು ಪಟ್ಟಿಯೊಂದನ್ನು ಹೆಚ್ಚುವರಿಯಾಗಿ ಸೇರಿಸಿ, 40ರಿಂದ 50 ಮಿ.ಮೀ. ಎತ್ತರಿಸುವುದು ಸುಲಭವೆಂದು ಗ್ಯಾರೇಜುಗಳಲ್ಲಿ ಹೇಳಲಾಗುತ್ತದೆ. ಕೆಲಸ ಸುಲಭವೆಂಬುದು ನಿಜವಾದರೂ ಅದರ ಪರಿಣಾಮಗಳು ಅಷ್ಟು ಸರಳವಾಗಿಲ್ಲ.

ಕಾನೂನಿನ ಸ್ಥಿತಿ

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 52ರ ಪ್ರಕಾರ, ನೋಂದಣಿ ಪ್ರಮಾಣ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಯಾವ ಮಾಲೀಕನೂ ತನ್ನ ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. ಮಾರ್ಪಾಡು ಎಂದರೆ ವಾಹನದ ಮೂಲ ಲಕ್ಷಣವನ್ನು ಬದಲಿಸುವಂತಹ ರಚನಾತ್ಮಕ ಬದಲಾವಣೆ ಎಂದು ಅದೇ ಕಲಂನ ವಿವರಣೆಯಲ್ಲಿ ಹೇಳಲಾಗಿದೆ. ಅನುಮೋದನೆಯಿಲ್ಲದೆ ಮಾರ್ಪಾಡು ನಡೆದಿದ್ದಲ್ಲಿ ಅದನ್ನು 14 ದಿನಗಳೊಳಗೆ ತನ್ನ ವಾಸಸ್ಥಳದ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡುವ ಹೊಣೆಯೂ ಮಾಲೀಕನ ಮೇಲಿದೆ.

2019ರ ಜನವರಿ 9ರಂದು ಸರ್ವೋಚ್ಚ ನ್ಯಾಯಾಲಯವು ಕೇರಳದಿಂದ ಬಂದ ಮೇಲ್ಮನವಿಯೊಂದರಲ್ಲಿ ಈ ಕಲಂ ಅನ್ನು ಕಟ್ಟುನಿಟ್ಟಾಗಿ ಅರ್ಥೈಸಿತು. ನ್ಯಾಯಮೂರ್ತಿ ಅರುಣ್ ಮಿಶ್ರಾ ಮತ್ತು ನ್ಯಾಯಮೂರ್ತಿ ವಿನೀತ್ ಸರಣ್ ಅವರಿದ್ದ ಪೀಠವು, ತಯಾರಕರ ಮೂಲ ನಿರ್ದಿಷ್ಟತೆಗೆ ವಿರುದ್ಧವಾದ ಮಾರ್ಪಾಡಿಗೆ ಅವಕಾಶವಿಲ್ಲವೆಂದೂ, ನಿಯಮಗಳು ಅಧಿನಿಯಮಕ್ಕೆ ಅಧೀನವಾಗಿದ್ದು ಅದನ್ನು ಮೀರಲಾರವೆಂದೂ ತೀರ್ಪು ನೀಡಿತು. ಬಣ್ಣದ ಬದಲಾವಣೆ ಹಾಗೂ ಸಣ್ಣಪುಟ್ಟ ಜೋಡಣೆಗಳನ್ನು ಈ ನಿರ್ಬಂಧದಿಂದ ಬೇರ್ಪಡಿಸಿ ನೋಡಲಾಯಿತು.

ಅದೇ ವರ್ಷ ಅಧಿನಿಯಮಕ್ಕೆ ತರಲಾದ ತಿದ್ದುಪಡಿಯ ಮೂಲಕ ಕಲಂ 182ಎ ಸೇರ್ಪಡೆಯಾಯಿತು. 2019ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ಈ ಕಲಂನ ಉಪಕಲಂ (4)ರಂತೆ, ಅನುಮತಿಯಿಲ್ಲದ ರೀತಿಯಲ್ಲಿ ವಾಹನವನ್ನು ಮಾರ್ಪಡಿಸುವ ಮಾಲೀಕನಿಗೆ ಆರು ತಿಂಗಳವರೆಗಿನ ಕಾರಾವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಇವೆರಡನ್ನೂ ವಿಧಿಸಬಹುದಾಗಿದೆ. ಬಿಡಿಭಾಗಗಳನ್ನು ಹೊಸದಾಗಿ ಅಳವಡಿಸುವುದೂ ಇದರ ವ್ಯಾಪ್ತಿಗೆ ಒಳಪಡುತ್ತದೆ. ದಂಡವು ಪ್ರತಿ ಮಾರ್ಪಾಡಿಗೆ ಪ್ರತ್ಯೇಕವಾಗಿರುವುದರಿಂದ, ಎತ್ತರಿಸುವಿಕೆ ಒಂದು ಮತ್ತು ಟೈರಿನ ಬದಲಾವಣೆ ಮತ್ತೊಂದು ಎಂದು ಪರಿಗಣಿಸಲ್ಪಡುವ ಸಾಧ್ಯತೆಯನ್ನು ಮಾಲೀಕರು ಗಮನದಲ್ಲಿಟ್ಟುಕೊಳ್ಳುವುದು ಸೂಕ್ತ.

ಸರಕು ವಾಹನವಾಗಿ ನೋಂದಾಯಿತವಾದ ಪಿಕಪ್‌ಗಳ ವಿಷಯ ಇನ್ನಷ್ಟು ಸ್ಪಷ್ಟವಾಗಿದೆ. ಅಧಿನಿಯಮದ ಕಲಂ 58ರ ಪ್ರಕಾರ, ಸಾರಿಗೆ ವಾಹನವನ್ನು ನೋಂದಾಯಿಸುವಾಗ ಪ್ರತಿ ಚಕ್ರಕ್ಕೆ ಅಳವಡಿಸಿದ ಟೈರುಗಳ ಸಂಖ್ಯೆ, ಸ್ವರೂಪ ಮತ್ತು ಅಳತೆಯನ್ನು ನೋಂದಣಿ ಪ್ರಮಾಣ ಪತ್ರದಲ್ಲಿ ನಮೂದಿಸತಕ್ಕದ್ದು. ಅಂದರೆ ಇಂತಹ ವಾಹನಗಳಲ್ಲಿ ಟೈರಿನ ಅಳತೆಯು ಮಾಲೀಕನ ಅಭಿರುಚಿಯ ವಿಷಯವಾಗಿರದೆ, ದಾಖಲೆಯ ಭಾಗವಾಗಿರುತ್ತದೆ. ಅರ್ಹತಾ ಪತ್ರದ ನವೀಕರಣಕ್ಕಾಗಿ ವಾಹನವನ್ನು ತಪಾಸಣೆಗೆ ಹಾಜರುಪಡಿಸಿದಾಗ ಈ ವ್ಯತ್ಯಾಸ ಬೆಳಕಿಗೆ ಬರುತ್ತದೆ. ಸ್ವಂತ ಬಳಕೆಗಾಗಿ ನೋಂದಾಯಿತವಾದ ವಾಹನಗಳಲ್ಲಿಯೂ ತಯಾರಕರು ಮಾದರಿ ಅನುಮೋದನೆ ಪಡೆದ ಟೈರಿನ ಅಳತೆಗಳೇ ಆಧಾರವಾಗಿರುತ್ತವೆ.

ಎತ್ತರಿಸುವಿಕೆಯಿಂದ ದೊರೆಯುವುದೇನು, ಟೈರಿನಿಂದ ದೊರೆಯುವುದೇನು

ಎತ್ತರಿಸುವಿಕೆ ಮತ್ತು ದೊಡ್ಡ ಟೈರು ಎರಡೂ ಒಂದೇ ಫಲ ನೀಡುತ್ತವೆಂಬ ತಪ್ಪು ಕಲ್ಪನೆ ಸಾಮಾನ್ಯವಾಗಿದೆ. ಸಸ್ಪೆನ್ಷನ್ ಮೂಲಕ ವಾಹನವನ್ನು ಎತ್ತರಿಸಿದಾಗ ಚಾಸಿಸ್, ಮೆಟ್ಟಿಲು ಪಟ್ಟಿ, ಬಂಪರ್ ಮುಂತಾದ ಭಾಗಗಳು ಮೇಲೇರುತ್ತವೆ. ಆದರೆ ಹಿಂದಿನ ಗಟ್ಟಿ ಆಕ್ಸೆಲ್ ಹಾಗೂ ಅದರ ನಡುವಿನ ಡಿಫರೆನ್ಷಿಯಲ್ ಪೆಟ್ಟಿಗೆಯು ಚಕ್ರದ ನಡುಬಿಂದುವಿಗೆ ಬಂಧಿತವಾಗಿರುವುದರಿಂದ ಇದ್ದ ಎತ್ತರದಲ್ಲಿಯೇ ಉಳಿಯುತ್ತದೆ. ತೋಟದ ದಾರಿಯ ನಡುದಿಣ್ಣೆಗೆ ಮೊದಲು ತಗಲುವುದು ಇದೇ ಭಾಗ. ಅದನ್ನು ಮೇಲೇರಿಸಲು ಟೈರಿನ ವ್ಯಾಸವನ್ನು ಹೆಚ್ಚಿಸುವುದೊಂದೇ ಮಾರ್ಗ. ಅಲ್ಲಿಯೂ ವ್ಯಾಸದಲ್ಲಿ ಆಗುವ ಹೆಚ್ಚಳದ ಅರ್ಧದಷ್ಟು ಮಾತ್ರ ಅಂತರವಾಗಿ ದೊರೆಯುತ್ತದೆ.

ಇದನ್ನು ಲೆಕ್ಕದ ಮೂಲಕ ತಿಳಿಯಬಹುದು. ಟೈರಿನ ಪಕ್ಕದಲ್ಲಿ 245/70 ಆರ್ 16 ಎಂದು ಮುದ್ರಿತವಾಗಿದ್ದರೆ, ಅಗಲ 245 ಮಿ.ಮೀ., ಪಕ್ಕದ ಗೋಡೆಯ ಎತ್ತರವು ಅಗಲದ ಶೇ. 70, ಟೈರು ರೇಡಿಯಲ್ ರಚನೆಯದು ಮತ್ತು ರಿಮ್ ವ್ಯಾಸ 16 ಅಂಗುಲ ಎಂದರ್ಥ. ಪಕ್ಕದ ಗೋಡೆಯ ಎತ್ತರದ ಎರಡರಷ್ಟಕ್ಕೆ ರಿಮ್ ವ್ಯಾಸವನ್ನು ಕೂಡಿಸಿದರೆ ಟೈರಿನ ಒಟ್ಟು ವ್ಯಾಸ ದೊರೆಯುತ್ತದೆ. ವಿ-ಕ್ರಾಸ್ ವಾಹನದ ಆರಂಭಿಕ ಮಾದರಿಗಳಲ್ಲಿದ್ದ ಈ ಅಳತೆಯನ್ನು ಆಧಾರವಾಗಿಟ್ಟುಕೊಂಡು ಮಾಡಿದ ಹೋಲಿಕೆ ಹೀಗಿದೆ:

1. 245/70 ಆರ್ 16 (ಮೂಲ ಅಳತೆ): ವ್ಯಾಸ 749 ಮಿ.ಮೀ.
2. 245/75 ಆರ್ 16: ವ್ಯಾಸ 774 ಮಿ.ಮೀ.; ಹೆಚ್ಚಳ ಶೇ. 3.3, ಆಕ್ಸೆಲ್ ಕೆಳಗೆ ದೊರೆಯುವ ಹೆಚ್ಚುವರಿ ಅಂತರ 12 ಮಿ.ಮೀ.
3. 265/70 ಆರ್ 16: ವ್ಯಾಸ 777 ಮಿ.ಮೀ.; ಹೆಚ್ಚಳ ಶೇ. 3.7; ಹೆಚ್ಚುವರಿ ಅಂತರ 14 ಮಿ.ಮೀ.
4. 265/75 ಆರ್ 16: ವ್ಯಾಸ 804 ಮಿ.ಮೀ.; ಹೆಚ್ಚಳ ಶೇ. 7.3, ಹೆಚ್ಚುವರಿ ಅಂತರ 27 ಮಿ.ಮೀ.

ಇವು ಲೆಕ್ಕದಿಂದ ಬಂದ ಸಂಖ್ಯೆಗಳು. ತಯಾರಕರಿಂದ ತಯಾರಕರಿಗೆ ಹಾಗೂ ಟೈರಿನ ಸವೆತಕ್ಕೆ ಅನುಗುಣವಾಗಿ ಕೆಲವು ಮಿಲಿಮೀಟರ್ ವ್ಯತ್ಯಾಸವಿರುತ್ತದೆ. ನಾಲ್ಕನೆಯ ಅಳತೆಗೆ ಹೋದರೂ ಡಿಫರೆನ್ಷಿಯಲ್ ಕೆಳಗೆ ದೊರೆಯುವುದು ಕೇವಲ ಒಂದು ಅಂಗುಲಕ್ಕಿಂತ ಸ್ವಲ್ಪ ಹೆಚ್ಚು ಎಂಬುದು ಇಲ್ಲಿ ಗಮನಾರ್ಹ.

ವಾಹನ ತಯಾರಕರು ಈ ವಿಷಯದಲ್ಲಿ ಅನುಸರಿಸುವ ಕ್ರಮವೂ ಬೋಧಪ್ರದವಾಗಿದೆ. ಹೈಲಕ್ಸ್ ವಾಹನದ ಒಂದು ಶ್ರೇಣಿಯಲ್ಲಿ 265/65 ಆರ್ 17 ಮತ್ತು ಮತ್ತೊಂದು ಶ್ರೇಣಿಯಲ್ಲಿ 265/60 ಆರ್ 18 ಟೈರುಗಳಿವೆ. ರಿಮ್ ಒಂದು ಅಂಗುಲ ದೊಡ್ಡದಾದರೂ ಟೈರಿನ ಒಟ್ಟು ವ್ಯಾಸದಲ್ಲಿ ಸುಮಾರು 1 ಮಿ.ಮೀ. ವ್ಯತ್ಯಾಸ ಮಾತ್ರವಿದೆ. ವಿ-ಕ್ರಾಸ್ ವಾಹನವು 16 ಅಂಗುಲದ ರಿಮ್‌ನಿಂದ 255/60 ಆರ್ 18 ಅಳತೆಗೆ ಬದಲಾದಾಗಲೂ ವ್ಯಾಸದ ಹೆಚ್ಚಳ ಶೇ. 2ರೊಳಗೆ ಇದೆ. ನೋಟಕ್ಕಾಗಿ ರಿಮ್ ಬದಲಿಸಿದರೂ ಒಟ್ಟು ವ್ಯಾಸವನ್ನು ತಯಾರಕರು ಕಾಪಾಡಿಕೊಂಡಿರುವುದು ಇದರಿಂದ ವ್ಯಕ್ತವಾಗುತ್ತದೆ. ಇದಕ್ಕಿರುವ ಕಾರಣಗಳನ್ನು ಮುಂದೆ ವಿವರಿಸಲಾಗಿದೆ.

ವೇಗಮಾಪಕದ ಮೇಲಿನ ಪರಿಣಾಮ

ವೇಗಮಾಪಕವು ಚಕ್ರ ಅಥವಾ ಗೇರು ಪೆಟ್ಟಿಗೆಯ ಸುತ್ತುಗಳನ್ನು ಎಣಿಸಿ ವೇಗವನ್ನು ತೋರಿಸುತ್ತದೆ. ಟೈರು ದೊಡ್ಡದಾದಾಗ ಪ್ರತಿ ಸುತ್ತಿಗೂ ವಾಹನ ಹೆಚ್ಚು ದೂರ ಕ್ರಮಿಸುತ್ತದೆ. ಮಾಪಕಕ್ಕೆ ಅದು ತಿಳಿಯುವುದಿಲ್ಲ. ಮೂಲ ಟೈರಿನೊಂದಿಗೆ ಮಾಪಕವು ನಿಖರವಾಗಿತ್ತೆಂದು ಭಾವಿಸಿದರೆ, ಮಾಪಕದಲ್ಲಿ 80 ಕಿ.ಮೀ. ಕಂಡಾಗ ಮೂರನೆಯ ಅಳತೆಯಲ್ಲಿ ವಾಸ್ತವ ವೇಗ 83 ಕಿ.ಮೀ., ನಾಲ್ಕನೆಯ ಅಳತೆಯಲ್ಲಿ ಸುಮಾರು 86 ಕಿ.ಮೀ. ಆಗಿರುತ್ತದೆ. ಕಾರ್ಖಾನೆಯಿಂದ ಬರುವ ಮಾಪಕಗಳು ವಾಸ್ತವ ವೇಗಕ್ಕಿಂತ ಸ್ವಲ್ಪ ಹೆಚ್ಚೇ ತೋರಿಸುವುದು ವಾಡಿಕೆ. ಮಾಪಕವು ಎಂದಿಗೂ ವಾಸ್ತವಕ್ಕಿಂತ ಕಡಿಮೆ ತೋರಿಸಬಾರದೆಂಬುದು ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ 39ನೇ ವಿನಿಯಮದ ತತ್ವವಾಗಿದೆ. ದೊಡ್ಡ ಟೈರು ಈ ರಕ್ಷಣಾ ಅಂತರವನ್ನು ಕಬಳಿಸುತ್ತದೆ.

ವೇಗ ನಿಯಂತ್ರಕ ಅಳವಡಿಸಿದ ಸರಕು ವಾಹನಗಳಲ್ಲಿ ಇದೇ ದೋಷವು ನಿಯಂತ್ರಕಕ್ಕೂ ಅನ್ವಯಿಸುತ್ತದೆ. ಗಂಟೆಗೆ 80 ಕಿ.ಮೀ.ಗೆ ನಿಗದಿಪಡಿಸಿದ ಮಿತಿಯು ವಸ್ತುತಃ ಅದಕ್ಕಿಂತ ಹೆಚ್ಚಿನ ವೇಗದಲ್ಲಿ ಕೆಲಸ ಮಾಡುತ್ತದೆ. ದೂರಮಾಪಕವೂ ಕಡಿಮೆ ತೋರಿಸುವುದರಿಂದ, ನಾಲ್ಕನೆಯ ಅಳತೆಯಲ್ಲಿ 10,000 ಕಿ.ಮೀ. ಎಂದು ಕಂಡಾಗ ವಾಹನವು ಸುಮಾರು 10,700 ಕಿ.ಮೀ. ಓಡಿರುತ್ತದೆ. ಎಣ್ಣೆ ಬದಲಾವಣೆ ಮುಂತಾದ ನಿರ್ವಹಣೆ ಅಷ್ಟರ ಮಟ್ಟಿಗೆ ತಡವಾಗುತ್ತದೆ.

ಎಳೆತ ಮತ್ತು ಬ್ರೇಕು

ಎಂಜಿನ್ನಿನ ತಿರುಚುಬಲವು ಟೈರಿನ ತ್ರಿಜ್ಯದ ಮೂಲಕ ನೆಲವನ್ನು ತಲುಪುತ್ತದೆ. ತ್ರಿಜ್ಯ ಹೆಚ್ಚಿದಷ್ಟೂ ನೆಲದ ಮೇಲಿನ ಎಳೆತ ಕಡಿಮೆಯಾಗುತ್ತದೆ. ಶೇ. 7.3ರಷ್ಟು ದೊಡ್ಡದಾದ ಟೈರಿನಿಂದ ಪ್ರತಿ ಗೇರಿನಲ್ಲಿಯೂ ಎಳೆತ ಸುಮಾರು ಶೇ. 6.8ರಷ್ಟು ತಗ್ಗುತ್ತದೆ. ಕಡಿದಾದ ತೋಟದ ಏರಿನಲ್ಲಿ ಭಾರ ಹೇರಿಕೊಂಡು ಹತ್ತುವ ಉದ್ದೇಶಕ್ಕಾಗಿಯೇ ಟೈರು ಬದಲಿಸಿದ ಮಾಲೀಕನಿಗೆ ಇದು ವಿಪರೀತ ಫಲವಾಗಿದೆ.

ಬ್ರೇಕಿಗೂ ಇದೇ ನಿಯಮ ಅನ್ವಯಿಸುತ್ತದೆ. ಪೆಡಲನ್ನು ಅಷ್ಟೇ ಬಲದಿಂದ ಒತ್ತಿದರೂ ನೆಲದ ಮೇಲೆ ದೊರೆಯುವ ತಡೆಬಲ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಅದರ ಜೊತೆಗೆ, ದಪ್ಪ ಹಲ್ಲಿನ ದೊಡ್ಡ ಟೈರು ಮೂಲ ಟೈರಿಗಿಂತ ಭಾರವಾಗಿರುತ್ತದೆ. ತಿರುಗುತ್ತಿರುವ ಹೆಚ್ಚಿನ ಭಾರವನ್ನು ನಿಲ್ಲಿಸಲು ಹೆಚ್ಚಿನ ಶಕ್ತಿ ಬೇಕು. ಶಿರಾಡಿ, ಚಾರ್ಮಾಡಿ ಅಥವಾ ಆಗುಂಬೆಯಂತಹ ಘಟ್ಟದ ಇಳಿಜಾರಿನಲ್ಲಿ ನಿರಂತರವಾಗಿ ಬ್ರೇಕು ಬಳಸುವಾಗ ಬ್ರೇಕು ಬಿಸಿಯಾಗಿ ಹಿಡಿತ ಕಳೆದುಕೊಳ್ಳುವ ಅಪಾಯ ಇದರಿಂದ ಹೆಚ್ಚುತ್ತದೆ.

ಪಿಕಪ್ ವಾಹನಗಳಲ್ಲಿ ಹೆಚ್ಚಾಗಿ ನಿರ್ಲಕ್ಷ್ಯಕ್ಕೆ ಒಳಗಾಗುವ ಇನ್ನೊಂದು ಭಾಗವಿದೆ. ಹಲವು ಪಿಕಪ್‌ಗಳ ಹಿಂದಿನ ಆಕ್ಸೆಲ್ ಬಳಿ ಭಾರವನ್ನು ಗ್ರಹಿಸುವ ಬ್ರೇಕು ಕವಾಟವಿರುತ್ತದೆ. ಚಾಸಿಸ್ ಮತ್ತು ಆಕ್ಸೆಲ್ ನಡುವಣ ಅಂತರವನ್ನು ಆಧರಿಸಿ ಅದು ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ನೀಡಬೇಕೆಂದು ನಿರ್ಧರಿಸುತ್ತದೆ. ಹಿಂಭಾಗವನ್ನು 50 ಮಿ.ಮೀ. ಎತ್ತರಿಸಿ ಈ ಕವಾಟದ ಸರಳನ್ನು ಸರಿಹೊಂದಿಸದೆ ಬಿಟ್ಟಲ್ಲಿ, ವಾಹನ ಭಾರ ಹೊತ್ತಿದ್ದರೂ ಖಾಲಿಯಾಗಿದೆಯೆಂದು ಕವಾಟವು ಭಾವಿಸಿ ಹಿಂದಿನ ಬ್ರೇಕಿನ ಒತ್ತಡವನ್ನು ತಗ್ಗಿಸುತ್ತದೆ. ಬ್ರೇಕು ಕೊಳವೆಗಳ ಉದ್ದ ಸಾಲದೆ ಬಿಗಿಯುವುದೂ ಉಂಟು. ಎತ್ತರಿಸಿದ ವಾಹನದಲ್ಲಿ ಈ ಎರಡು ಭಾಗಗಳ ಪರಿಶೀಲನೆ ಅತ್ಯಗತ್ಯ.

ಸ್ಥಿರತೆ ಮತ್ತು ಮಗುಚುವಿಕೆ

ವಾಹನ ಮಗುಚುವ ಸಾಧ್ಯತೆಯನ್ನು ಅಂದಾಜು ಮಾಡಲು ಸ್ಥಿರತಾ ಅಂಶ ಎಂಬ ಸರಳ ಅಳತೆಯನ್ನು ಬಳಸಲಾಗುತ್ತದೆ. ಎಡ ಮತ್ತು ಬಲ ಚಕ್ರಗಳ ನಡುವಣ ಅಂತರದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿದರೆ ಇದು ದೊರೆಯುತ್ತದೆ. ಅಮೆರಿಕದ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತವು 2001ರಿಂದ ವಾಹನಗಳ ಮಗುಚುವಿಕೆಯ ಶ್ರೇಣೀಕರಣಕ್ಕೆ ಇದನ್ನು ಬಳಸುತ್ತಿದೆ. ಉದಾಹರಣೆಗಾಗಿ, ಚಕ್ರಗಳ ನಡುವಣ ಅಂತರ 1,570 ಮಿ.ಮೀ. ಮತ್ತು ಗುರುತ್ವ ಕೇಂದ್ರದ ಎತ್ತರ 750 ಮಿ.ಮೀ. ಇರುವ ವಾಹನದ ಸ್ಥಿರತಾ ಅಂಶ 1.05. ಎತ್ತರಿಸುವಿಕೆ ಮತ್ತು ಟೈರು ಸೇರಿ ಗುರುತ್ವ ಕೇಂದ್ರವು 60 ಮಿ.ಮೀ. ಮೇಲೇರಿದರೆ ಅದು 0.97ಕ್ಕೆ ಇಳಿಯುತ್ತದೆ. ಈ ಇಳಿಕೆ ನೇರ ರಸ್ತೆಯಲ್ಲಿ ಅನುಭವಕ್ಕೆ ಬರುವುದಿಲ್ಲ. ತಿರುವಿನಲ್ಲಿ ಎದುರು ಬಂದ ಬಸ್ಸನ್ನು ತಪ್ಪಿಸಲು ಚಾಲಕನು ಥಟ್ಟನೆ ಸ್ಟಿಯರಿಂಗ್ ತಿರುಗಿಸಿದ ಕ್ಷಣದಲ್ಲಿ ಅನುಭವಕ್ಕೆ ಬರುತ್ತದೆ.

ಹಿಂಭಾಗದ ತೊಟ್ಟಿಯಲ್ಲಿ ಎತ್ತರವಾಗಿ ಸರಕು ಹೇರಿದಾಗ ಗುರುತ್ವ ಕೇಂದ್ರ ಮತ್ತಷ್ಟು ಮೇಲೇರುತ್ತದೆ. ತೋಟದ ಕಾರ್ಮಿಕರನ್ನು ಸರಕು ತೊಟ್ಟಿಯಲ್ಲಿ ಕರೆದೊಯ್ಯುವುದು ಮೊದಲೇ ನಿಯಮಬಾಹಿರ. ಎತ್ತರಿಸಿದ ವಾಹನದಲ್ಲಿ ಹಾಗೆ ಮಾಡುವುದು ಅವರ ಜೀವವನ್ನು ನೇರವಾಗಿ ಅಪಾಯಕ್ಕೆ ಒಡ್ಡಿದಂತೆ. ವಾಹನದ ನೋಟಕ್ಕಾಗಿ ತೆಗೆದುಕೊಂಡ ನಿರ್ಧಾರದ ಬೆಲೆಯನ್ನು ಆ ನಿರ್ಧಾರದಲ್ಲಿ ಪಾಲಿಲ್ಲದವರು ತೆರಬೇಕಾಗುವುದು ಇಲ್ಲಿಯ ಅತ್ಯಂತ ಗಂಭೀರ ಅಂಶವಾಗಿದೆ.

ಅಳವಡಿಕೆಯಲ್ಲಿ ಎದುರಾಗುವ ತೊಡಕುಗಳು

ವಾಹನ ನಿಂತಿರುವಾಗ ಟೈರು ಮಡ್‌ಗಾರ್ಡಿಗೆ ತಗಲದಿದ್ದರೆ ಸಾಕೆಂದು ತಿಳಿಯುವುದು ಸರಿಯಲ್ಲ. ಸ್ಟಿಯರಿಂಗ್ ಅನ್ನು ಎರಡೂ ಬದಿಗೆ ಪೂರ್ಣ ತಿರುಗಿಸಿದಾಗ ಮತ್ತು ಸಸ್ಪೆನ್ಷನ್ ಪೂರ್ಣ ಕುಗ್ಗಿದಾಗ ಟೈರು ಒಳಗಿನ ಪ್ಲಾಸ್ಟಿಕ್ ಹೊದಿಕೆ, ಚಾಸಿಸ್ ಅಥವಾ ಸಸ್ಪೆನ್ಷನ್‌ನ ಮೇಲಿನ ತೋಳಿಗೆ ಉಜ್ಜುವುದೇ ಎಂಬುದನ್ನು ಪರಿಶೀಲಿಸಬೇಕು. ಎತ್ತರಿಸುವಿಕೆಯು ನಿಂತ ಸ್ಥಿತಿಯಲ್ಲಿ ಜಾಗ ನೀಡುತ್ತದೆಯೇ ಹೊರತು, ಗುಂಡಿಗೆ ಬಿದ್ದು ಸಸ್ಪೆನ್ಷನ್ ಕೊನೆಯವರೆಗೆ ಕುಗ್ಗಿದಾಗ ಅಷ್ಟು ಜಾಗ ಉಳಿಯುವುದಿಲ್ಲ. ಉಜ್ಜುವಿಕೆಯನ್ನು ತಪ್ಪಿಸಲೆಂದು ಹೊರಚಾಚಿದ ರಿಮ್ ಹಾಕಿದರೆ ಚಕ್ರದ ಬೇರಿಂಗ್ ಮೇಲಿನ ಹೊರೆ ಹೆಚ್ಚಿ, ಟೈರು ಮಡ್‌ಗಾರ್ಡಿನಿಂದ ಹೊರಬಂದು ಹಿಂದಿನ ವಾಹನಗಳ ಮೇಲೆ ಕಲ್ಲು ಕೆಸರು ಎರಚುತ್ತದೆ.

ಮುಂಭಾಗವನ್ನು ಎತ್ತರಿಸಿದಾಗ ಚಕ್ರಗಳಿಗೆ ಶಕ್ತಿ ಒಯ್ಯುವ ದಂಡಗಳ ಕೀಲುಗಳು ಹೆಚ್ಚಿನ ಕೋನದಲ್ಲಿ ಕೆಲಸ ಮಾಡಿ ಬೇಗ ಸವೆಯುತ್ತವೆ. ಚಕ್ರಗಳ ಜೋಡಣೆಯ ಕೋನಗಳು ಬದಲಾಗುವುದರಿಂದ ಅಲೈನ್‌ಮೆಂಟ್ ಮಾಡಿಸುವುದು ಕಡ್ಡಾಯ. ಹೆಡ್‌ಲೈಟುಗಳ ಬೆಳಕು ಮೇಲಕ್ಕೆ ಹೋಗಿ ಎದುರಿನ ಚಾಲಕರ ಕಣ್ಣು ಕುಕ್ಕುವುದರಿಂದ ಅವುಗಳನ್ನೂ ಮರುಹೊಂದಿಸಬೇಕು.

ಸ್ಟೆಪ್ನಿಯ ವಿಷಯವನ್ನು ಬಹುತೇಕರು ಕೊನೆಯಲ್ಲಿ ನೆನೆಯುತ್ತಾರೆ. ಪಿಕಪ್‌ಗಳಲ್ಲಿ ಅದು ತೊಟ್ಟಿಯ ಕೆಳಗೆ ಸಿಕ್ಕಿಸಲ್ಪಟ್ಟಿರುತ್ತದೆ. ದೊಡ್ಡ ಟೈರು ಅಲ್ಲಿ ಹಿಡಿಸದಿರಬಹುದು. ಹಾಗೆಂದು ಹಳೆಯ ಅಳತೆಯ ಸ್ಟೆಪ್ನಿಯನ್ನೇ ಉಳಿಸಿಕೊಂಡಲ್ಲಿ, ಪಂಕ್ಚರ್ ಆದಾಗ ನಾಲ್ಕು ಚಕ್ರಗಳ ವ್ಯಾಸ ಒಂದೇ ಆಗಿರುವುದಿಲ್ಲ. ಅಂತಹ ಸ್ಥಿತಿಯಲ್ಲಿ ಟಾರು ರಸ್ತೆಯ ಮೇಲೆ ನಾಲ್ಕು ಚಕ್ರಗಳ ಚಾಲನೆಯನ್ನು ಬಳಸಿದರೆ ಶಕ್ತಿ ಹಂಚುವ ಗೇರು ಪೆಟ್ಟಿಗೆಗೆ ಹಾನಿಯಾಗುತ್ತದೆ. ಆದುದರಿಂದ ಟೈರು ಬದಲಿಸುವವರು ಐದನ್ನೂ ಒಂದೇ ಅಳತೆಯಲ್ಲಿ ಬದಲಿಸುವ ವೆಚ್ಚವನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು.

ಭಾರ ಸೂಚ್ಯಂಕ ಮತ್ತು ಗಾಳಿಯ ಒತ್ತಡ

ಟೈರಿನ ಮೇಲೆ ಅಳತೆಯ ನಂತರ ಮುದ್ರಿತವಾಗಿರುವ ಸಂಖ್ಯೆಯು ಭಾರ ಸೂಚ್ಯಂಕ. ಅಕ್ಷರವು ವೇಗ ಸಂಕೇತ. ಸೂಚ್ಯಂಕ 111 ಇದ್ದಲ್ಲಿ ಒಂದು ಟೈರು 1,090 ಕಿ.ಗ್ರಾಂ., 116 ಇದ್ದಲ್ಲಿ 1,250 ಕಿ.ಗ್ರಾಂ. ಭಾರ ಹೊರಬಲ್ಲದು. ಕ್ಯೂ ಸಂಕೇತವು ಗಂಟೆಗೆ 160 ಕಿ.ಮೀ., ಎಸ್ 180 ಕಿ.ಮೀ., ಟಿ 190 ಕಿ.ಮೀ. ವರೆಗಿನ ವೇಗಕ್ಕೆ ಅನ್ವಯಿಸುತ್ತದೆ. ದೊಡ್ಡ ಟೈರು ಸಹಜವಾಗಿಯೇ ಹೆಚ್ಚು ಭಾರ ಹೊರುತ್ತದೆಂಬುದು ಯಾವಾಗಲೂ ನಿಜವಲ್ಲ. ಕಾರುಗಳ ವರ್ಗದ ದೊಡ್ಡ ಟೈರಿಗಿಂತ ಲಘು ಟ್ರಕ್ ವರ್ಗದ ಚಿಕ್ಕ ಟೈರು ಹೆಚ್ಚು ಭಾರ ತಾಳಬಹುದು. ಹೊಸ ಟೈರಿನ ಭಾರ ಸೂಚ್ಯಂಕ ಮತ್ತು ವೇಗ ಸಂಕೇತ ಎರಡೂ ಮೂಲ ಟೈರಿಗಿಂತ ಕಡಿಮೆಯಿರಬಾರದು.

ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿರುವ ಗಾಳಿಯ ಒತ್ತಡದ ಸೂಚನೆಯು ಮೂಲ ಟೈರಿಗೆ ಮಾತ್ರ ಸಂಬಂಧಿಸಿದ್ದು. ಲಘು ಟ್ರಕ್ ವರ್ಗದ ಟೈರುಗಳಿಗೆ ಅಷ್ಟೇ ಭಾರ ಹೊರಲು ಹೆಚ್ಚಿನ ಒತ್ತಡ ಬೇಕಾಗುತ್ತದೆ. ವರ್ಗ ಬದಲಾದಾಗ ಟೈರು ತಯಾರಕರ ಭಾರ-ಒತ್ತಡ ಕೋಷ್ಟಕವನ್ನು ನೋಡಿಯೇ ಒತ್ತಡವನ್ನು ನಿರ್ಧರಿಸತಕ್ಕದ್ದು.

ನೆಲದ ಗುಣ ಮತ್ತು ಟೈರಿನ ಹಲ್ಲು

ಕೆಸರಿನಲ್ಲಿ ವಾಹನ ಮುಂದೆ ಸಾಗುವುದು ಟೈರಿನ ವ್ಯಾಸಕ್ಕಿಂತ ಹೆಚ್ಚಾಗಿ ಅದರ ಹಲ್ಲುಗಳ ರಚನೆ ಮತ್ತು ಗಾಳಿಯ ಒತ್ತಡದಿಂದ. ಮಲೆನಾಡಿನ ತೋಟದ ದಾರಿಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೇಡಿಯಂತಹ ಮಣ್ಣು ಟೈರಿನ ಹಲ್ಲುಗಳ ಸಂದುಗಳನ್ನು ತುಂಬಿಬಿಡುತ್ತದೆ. ರಸ್ತೆ ಬಳಕೆಯ ಟೈರು ಆಗ ನುಣುಪಾದ ಉರುಳೆಯಂತೆ ಜಾರುತ್ತದೆ. ಸಂದುಗಳು ಅಗಲವಾಗಿರುವ ಟೈರು ತಿರುಗುವಾಗ ಮಣ್ಣನ್ನು ಹೊರಚೆಲ್ಲಿ ಹಿಡಿತವನ್ನು ಉಳಿಸಿಕೊಳ್ಳುತ್ತದೆ. ಉತ್ತರ ಕರ್ನಾಟಕದ ಎರೆ ಭೂಮಿಯಲ್ಲಿಯೂ ಮಳೆ ಬಂದ ಮೇಲೆ ಇದೇ ಸಮಸ್ಯೆ ಇನ್ನೂ ತೀವ್ರವಾಗಿ ಎದುರಾಗುತ್ತದೆ.

ಬಟನ್ ಟೈರುಗಳೆಂದು ಕರೆಯಲ್ಪಡುವ ಅಪ್ಪಟ ಕೆಸರಿನ ಟೈರುಗಳಿಗೆ ಅವುಗಳದೇ ಆದ ಮಿತಿಯಿದೆ. ಒದ್ದೆಯಾದ ಟಾರು ಹಾಗೂ ಕಾಂಕ್ರೀಟು ರಸ್ತೆಯಲ್ಲಿ ನೆಲಕ್ಕೆ ತಾಗುವ ರಬ್ಬರಿನ ಭಾಗ ಕಡಿಮೆಯಿರುವುದರಿಂದ ಅವುಗಳ ಬ್ರೇಕು ದೂರ ಹೆಚ್ಚು, ಸದ್ದೂ ಹೆಚ್ಚು, ಸವೆತವೂ ಬೇಗ. ದಿನದ ಓಡಾಟದಲ್ಲಿ ಹೆಚ್ಚಿನ ಪಾಲು ಟಾರು ರಸ್ತೆಯೇ ಆಗಿರುವವರಿಗೆ ಎಲ್ಲ ನೆಲಗಳಿಗೂ ಹೊಂದುವ ಆಲ್ ಟೆರೇನ್ ಟೈರುಗಳು ಹೆಚ್ಚು ಸೂಕ್ತ. ಕೆಸರಿನ ದಾರಿಯನ್ನು ಪ್ರವೇಶಿಸುವ ಮುನ್ನ ಒತ್ತಡವನ್ನು ಸುಮಾರು 20 ಪಿ.ಎಸ್.ಐ.ಗೆ ಇಳಿಸಿ ನಿಧಾನವಾಗಿ ಚಲಿಸಿದರೆ ಟೈರು ಹರಡಿಕೊಂಡು ಹಿಡಿತ ಗಣನೀಯವಾಗಿ ಹೆಚ್ಚುತ್ತದೆ. ಟಾರು ರಸ್ತೆಗೆ ಮರಳುವ ಮೊದಲು ಮತ್ತೆ ಗಾಳಿ ತುಂಬಿಸುವುದು ಅವಶ್ಯಕ. ಇದಕ್ಕೆ ಬೇಕಾದುದು ಒಂದು ಒತ್ತಡ ಮಾಪಕ ಮತ್ತು ಒಂದು ಸಣ್ಣ ಗಾಳಿಪಂಪು ಮಾತ್ರ.

ಖರೀದಿಯ ವೇಳೆ ಗಮನಿಸಬೇಕಾದ ಗುರುತುಗಳು

ಭಾರತದಲ್ಲಿ ವಾಹನ ಟೈರುಗಳ ಗುಣಮಟ್ಟವನ್ನು 2009ರ ನಿಯಂತ್ರಣ ಆದೇಶದ ಮೂಲಕ ಕಡ್ಡಾಯ ಪ್ರಮಾಣೀಕರಣಕ್ಕೆ ಒಳಪಡಿಸಲಾಗಿದ್ದು, ಟೈರಿನ ಮೇಲೆ ಐ.ಎಸ್.ಐ. ಗುರುತು ಇರತಕ್ಕದ್ದು. 2020ರ ಜೂನ್ 12ರಂದು ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯವು ಹೊಸ ವಾಹನ ಟೈರುಗಳ ಆಮದನ್ನು ನಿರ್ಬಂಧಿತ ವರ್ಗಕ್ಕೆ ಸೇರಿಸಿತು. ಅಪರೂಪದ ಅಳತೆಯ ಟೈರನ್ನು ಆಯ್ಕೆ ಮಾಡಿಕೊಂಡವರಿಗೆ ಮುಂದೆ ಒಂದು ಟೈರು ಹರಿದಾಗ ಅದೇ ಅಳತೆಯದು ಸಕಾಲದಲ್ಲಿ ದೊರೆಯದಿರುವ ಸಾಧ್ಯತೆಯಿದೆ. 2022ರ ಜೂನ್‌ನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು ಟೈರುಗಳ ಉರುಳು ತಡೆ, ಒದ್ದೆ ನೆಲದ ಹಿಡಿತ ಮತ್ತು ಉರುಳುವ ಸದ್ದಿಗೆ ಸಂಬಂಧಿಸಿದ ಅವಶ್ಯಕತೆಗಳನ್ನು ಅಧಿಸೂಚಿಸಿತು. ಒದ್ದೆ ನೆಲದ ಹಿಡಿತವು ಮಳೆ ನಾಡಿನ ಬಳಕೆದಾರರಿಗೆ ನೇರವಾಗಿ ಸಂಬಂಧಿಸಿದ ಗುಣವಾಗಿದೆ.

ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳು ತಯಾರಿಕೆಯ ವಾರ ಮತ್ತು ವರ್ಷವನ್ನು ಸೂಚಿಸುತ್ತವೆ. 2324 ಎಂದಿದ್ದರೆ 2024ನೇ ವರ್ಷದ 23ನೇ ವಾರ ಎಂದರ್ಥ. ಬಳಸಿದ ಟೈರುಗಳನ್ನು ಕೊಳ್ಳುವವರು ಇದನ್ನು ತಪ್ಪದೆ ನೋಡಬೇಕು. ಹಲ್ಲಿನ ಆಳವು 1.6 ಮಿ.ಮೀ.ಗಿಂತ ಕಡಿಮೆಯಾದ ಟೈರು ಬಳಕೆಗೆ ಅರ್ಹವಲ್ಲ.

ವಿಮೆಯ ದೃಷ್ಟಿಯಿಂದಲೂ ಮಾರ್ಪಾಡು ಮುಖ್ಯವಾಗಿದೆ. ವಿಮಾ ಸಂಸ್ಥೆಗೆ ತಿಳಿಸದೆ ವಾಹನವನ್ನು ಮಾರ್ಪಡಿಸಿ, ಅಪಘಾತಕ್ಕೆ ಆ ಮಾರ್ಪಾಡೇ ಕಾರಣವೆಂದು ಕಂಡುಬಂದಲ್ಲಿ ಪರಿಹಾರದ ಬೇಡಿಕೆ ವಿವಾದಕ್ಕೆ ಒಳಗಾಗುತ್ತದೆ. ತಯಾರಕರ ವಾರಂಟಿಗೂ ಇದೇ ಮಾತು ಅನ್ವಯಿಸುತ್ತದೆ.

ವಾಹನ ಮಾಲೀಕರು ಅನುಸರಿಸಬೇಕಾದ ಕ್ರಮ

1. ಮೊದಲು ನೋಂದಣಿ ಪ್ರಮಾಣ ಪತ್ರ, ಮಾಲೀಕರ ಕೈಪಿಡಿ ಹಾಗೂ ಬಾಗಿಲ ಚೌಕಟ್ಟಿನ ಸೂಚನೆಯಲ್ಲಿ ನಮೂದಾಗಿರುವ ಟೈರಿನ ಅಳತೆಗಳನ್ನು ಪರಿಶೀಲಿಸುವುದು.
2. ಮೂಲ ಅಳತೆಯಲ್ಲಿಯೇ ಆಲ್ ಟೆರೇನ್ ಟೈರು ದೊರೆಯುವುದಾದರೆ ಅದಕ್ಕೆ ಆದ್ಯತೆ ನೀಡುವುದು. ಬಹುಪಾಲು ತೋಟದ ದಾರಿಗಳ ಅವಶ್ಯಕತೆ ಇದರಿಂದಲೇ ಪೂರೈಸುತ್ತದೆ.
3. ಅಳತೆ ಬದಲಿಸಲೇಬೇಕಾದಲ್ಲಿ, ಅದೇ ಮಾದರಿಯ ವಾಹನಕ್ಕೆ ತಯಾರಕರು ಅನುಮೋದಿಸಿರುವ ಅಳತೆಗೆ ಸೀಮಿತವಾಗಿರುವುದು. ವ್ಯಾಸದ ಹೆಚ್ಚಳ ಶೇ. 3ನ್ನು ಮೀರಬಾರದೆಂಬುದು ಟೈರು ವ್ಯಾಪಾರದಲ್ಲಿ ರೂಢಿಯಲ್ಲಿರುವ ಮಾತು. ಇದು ತಾಂತ್ರಿಕ ಎಚ್ಚರಿಕೆಯೇ ಹೊರತು ಕಾನೂನು ನೀಡಿದ ವಿನಾಯಿತಿಯಲ್ಲ.
4. ಯಾವುದೇ ಮಾರ್ಪಾಡಿಗೆ ಮುನ್ನ ಸಂಬಂಧಪಟ್ಟ ಪ್ರಾದೇಶಿಕ ಸಾರಿಗೆ ಕಛೇರಿಯಲ್ಲಿ ಲಿಖಿತವಾಗಿ ವಿಚಾರಿಸುವುದು. ಗ್ಯಾರೇಜಿನವರು ನೀಡುವ ಮೌಖಿಕ ಭರವಸೆಯು ಮಾಲೀಕನನ್ನು ಹೊಣೆಯಿಂದ ಮುಕ್ತಗೊಳಿಸುವುದಿಲ್ಲ.
5. ಈಗಾಗಲೇ ಎತ್ತರಿಸಲ್ಪಟ್ಟ ವಾಹನವನ್ನು ಖರೀದಿಸುವವರು, ಮೂಲ ಸ್ಪ್ರಿಂಗ್ ಮತ್ತು ಟೈರುಗಳನ್ನು ಮಾರಾಟಗಾರರಿಂದ ಪಡೆದುಕೊಂಡು ವಾಹನವನ್ನು ಮೂಲ ಸ್ಥಿತಿಗೆ ತರುವುದು.
6. ಬ್ರೇಕು ಕೊಳವೆ, ಭಾರ ಗ್ರಹಿಸುವ ಕವಾಟ, ಅಲೈನ್‌ಮೆಂಟ್ ಮತ್ತು ಹೆಡ್‌ಲೈಟುಗಳನ್ನು ಅಧಿಕೃತ ಸೇವಾ ಕೇಂದ್ರದಲ್ಲಿ ಪರಿಶೀಲಿಸಿಕೊಳ್ಳುವುದು.

ಸಮಾರೋಪ

ವಾಹನದಲ್ಲಿ ಹಿಡಿಸುವ ಅತಿ ದೊಡ್ಡ ಟೈರು ಯಾವುದು ಎಂಬ ಪ್ರಶ್ನೆಯಿಂದ ಆರಂಭಿಸಿದವರಿಗೆ ಸರಿಯಾದ ಉತ್ತರ ದೊರೆಯುವುದು ಕಷ್ಟ. ವಾಹನ ಎಲ್ಲಿ ಸಿಲುಕುತ್ತಿದೆ ಮತ್ತು ಏಕೆ ಸಿಲುಕುತ್ತಿದೆ ಎಂಬ ಪ್ರಶ್ನೆಯೇ ಮೊದಲಿನದಾಗಬೇಕು. ಹಿಡಿತ ಸಾಲದಿದ್ದರೆ ಹಲ್ಲಿನ ರಚನೆ ಮತ್ತು ಗಾಳಿಯ ಒತ್ತಡದಲ್ಲಿ ಪರಿಹಾರವಿದೆ. ದಾರಿಯ ನಡುದಿಣ್ಣೆಗೆ ಡಿಫರೆನ್ಷಿಯಲ್ ತಗಲುತ್ತಿದ್ದರೆ ಒಂದು ದಿನ ಹಾರೆ ಗುದ್ದಲಿ ಹಿಡಿದು ಆ ದಿಣ್ಣೆಯನ್ನು ತಗ್ಗಿಸುವುದು ಐದು ಹೊಸ ಟೈರುಗಳಿಗಿಂತ ಅಗ್ಗದ ಮತ್ತು ಖಚಿತವಾದ ಉಪಾಯ. ಟೈರು, ಬ್ರೇಕು, ಸಸ್ಪೆನ್ಷನ್ ಮತ್ತು ವೇಗಮಾಪಕ ಇವು ಒಂದಕ್ಕೊಂದು ಹೊಂದಿಕೊಂಡಂತೆ ಪರೀಕ್ಷೆಗೊಳಪಟ್ಟು ಅನುಮೋದನೆ ಪಡೆದ ಒಂದೇ ವ್ಯವಸ್ಥೆಯ ಅಂಗಗಳು. ಅವುಗಳಲ್ಲಿ ಒಂದನ್ನು ಬದಲಿಸುವವರು ಉಳಿದವುಗಳ ಹೊಣೆಯನ್ನೂ ಹೊರಬೇಕಾಗುತ್ತದೆ. ಒಂದು ಅಂಗುಲದ ಹೆಚ್ಚುವರಿ ಅಂತರಕ್ಕಾಗಿ ಘಟ್ಟದ ತಿರುವಿನಲ್ಲಿ ತಮ್ಮ ಮತ್ತು ಇತರರ ಜೀವವನ್ನು ಪಣಕ್ಕಿಡುವ ಸ್ಥಿತಿ ಉಂಟಾಗದಂತೆ ವಾಹನ ಮಾಲೀಕರು ಎಚ್ಚರ ವಹಿಸುವುದು ಎಲ್ಲರ ಹಿತದೃಷ್ಟಿಯಿಂದ ಅಗತ್ಯವಾಗಿದೆ.